ಹದಿನೇಳನೇ ಮಹಡಿಯ ಹದಿಮೂರನೆಯವರು

ಮಾರ್ಚ್ 4, ಬುಧವಾರ ಬೆಳಿಗ್ಗೆ 10.15ಕ್ಕೆ ಇಪ್ಪತ್ತು ಮಹಡಿಗಳ ವಸತಿ ಕಟ್ಟಡವೊಂದರ ನಿವಾಸಿಗಳ ಸಂಘದ ಕಾರ್ಯದರ್ಶಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಮೂರು ವಾರಗಳಲ್ಲಿ ಮೂರು ಸಲ ಯಾರೋ ಬೆಂಕಿಯೇ ಇಲ್ಲದೆ ಬೆಂಕಿಯ ಗಂಟೆ ಬಾರಿಸಿದ್ದಾರೆ. ಹಿಂದಿನ ದಿನ ಮೂರನೇ ಸಲ ಗಂಟೆ ಬಾರಿಸಿದಾಗ ಗಾಬರಿಯಾಗಿ ಇಳಿಯುತ್ತಿದ್ದ ಆರನೇ ಮಹಡಿಯ ವೃದ್ಧರು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

"ಯಾರ ಮೇಲಾದರೂ ಅನುಮಾನ?"

"ಇಲ್ಲ ಸಾರ್. ಅದೇ ತೊಂದರೆ. ಎಲ್ಲರೂ ಕೆಳಗೇ ಇದ್ರು."

11.40ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಮೂರು ಸಲವೂ ಒತ್ತಿದ್ದು ಹದಿನೇಳನೇ ಮಹಡಿಯ ಲಿಫ್ಟ್ ಎದುರಿನ ಕೆಂಪು ಬಟನ್ ಎಂದು ಕಾವಲು ಕೊಠಡಿಯ ಯಂತ್ರದಲ್ಲಿ ದಾಖಲಾಗಿತ್ತು. ಆ ಮಹಡಿಯಲ್ಲಿ ನಾಲ್ಕು ಮನೆ, ಹದಿಮೂರು ಜನ. ಗಂಟೆ ಬಾರಿಸಿದರೆ ಲಿಫ್ಟ್‌ಗಳು ನೆಲಮಹಡಿಗೆ ಬಂದು ನಿಂತುಬಿಡುತ್ತವೆ. ಜನ ಮೆಟ್ಟಿಲಿಳಿದು ಬಯಲಿನಲ್ಲಿ ಸೇರಬೇಕು. ಅಲ್ಲಿ ಪ್ರತಿ ಮಹಡಿಯ ಮೇಲ್ವಿಚಾರಕ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಗುರುತು ಹಾಕುತ್ತಾನೆ. ಮೂರು ಸಲವೂ ಹದಿಮೂರಕ್ಕೆ ಹದಿಮೂರು.

ಯಾರೋ ಒತ್ತಿ, ಗುಂಪಿನ ಜೊತೆ ಇಳಿದಿರಬೇಕು ಎಂದುಕೊಂಡು ಇನ್‌ಸ್ಪೆಕ್ಟರ್ ಮನೆಗೊಬ್ಬರಂತೆ ನಾಲ್ಕು ಹೇಳಿಕೆ ಬರೆಸಿಕೊಂಡರು. ಆದರೆ ಯಂತ್ರದ ದಾಖಲೆಯ ಇನ್ನೊಂದು ಸಾಲು ಲೆಕ್ಕ ತಪ್ಪಿಸಿತು. ಎರಡನೇ ಸಲ, ರಿಜಿಸ್ಟರಿನಲ್ಲಿ ಎಲ್ಲರೂ ಕೆಳಗಿಳಿದಾದ ಮೇಲೆ ಕಾವಲುಗಾರ ಕೆಳಗಿನಿಂದಲೇ ಗಂಟೆ ನಿಲ್ಲಿಸಿದ್ದ. ಏಳು ನಿಮಿಷ ಕಳೆದ ಮೇಲೆ ಅದೇ ಬಟನ್‌ನಿಂದ ಗಂಟೆ ಮತ್ತೆ ಮೊಳಗಿತ್ತು.

"ಮಹಡಿ ಖಾಲಿ. ಬಟನ್ ಒತ್ತಿದ್ದು ಯಾರು?"

"ದೆವ್ವ ಇದ್ರೆ ಅದರ ಹೇಳಿಕೇನೂ ತಗೊಳ್ಳೋಣ ಸಾರ್," ಎಂದರು ದಫೇದಾರ್. "ಅದಕ್ಕೆ ವಿಳಾಸ ಏನಂತ ಬರೀಲಿ?"

ಸಂಜೆ ಮಹಿಳಾ ಕಾನ್‌ಸ್ಟೆಬಲ್, ಆ ಮಹಡಿಯ ಮೆಟ್ಟಿಲ ಬಾಗಿಲ ಮೇಲಿದ್ದ ಕ್ಯಾಮೆರಾದ ದೃಶ್ಯಗಳನ್ನು ನಾಲ್ಕು ಬಾರಿ ನೋಡಿದಳು. ಕಂಕುಳಲ್ಲಿದ್ದ ಕೂಸನ್ನೂ ಸೇರಿಸಿ ಎಣಿಸಿದಳು. ಹನ್ನೆರಡು.

"ನಿಮ್ಮ ಎಣಿಕೆ ತಪ್ಪಿರಬೇಕಮ್ಮ," ಎಂದರು ಕಾರ್ಯದರ್ಶಿ. "ರಿಜಿಸ್ಟರಲ್ಲಿ ಹದಿಮೂರಿದೆಯಲ್ಲ."

ಇನ್‌ಸ್ಪೆಕ್ಟರ್ ಎರಡು ದಿನ ತಲೆ ಕೆರೆದುಕೊಂಡರು. ಕೊನೆಗೆ ಅಗ್ನಿಶಾಮಕ ಠಾಣೆಗೆ ತಿಳಿಸಿ, ಯಾರೂ ಓಡಬಾರದೆಂದು ನಿವಾಸಿಗಳಿಗೆ ಮೊದಲೇ ಹೇಳಿ, ಮಾರ್ಚ್ 6ರ ಸಂಜೆ 4.30ಕ್ಕೆ ತಾವೇ ಗಂಟೆ ಬಾರಿಸಿದರು. ದಫೇದಾರ್ ಬಯಲಿನಲ್ಲಿ ರಿಜಿಸ್ಟರಿನ ಪಕ್ಕ ನಿಂತರು. ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಹದಿನೇಳನೇ ಮಹಡಿಯ ಮೆಟ್ಟಿಲ ಬಾಗಿಲ ಹಿಂದೆ ನಿಂತರು.

4.46ಕ್ಕೆ ವಾಕಿಟಾಕಿಯಲ್ಲಿ ದಫೇದಾರ್ ಹೇಳಿದರು: "ಹದಿನೇಳನೇ ಮಹಡಿ, ಹದಿಮೂರಕ್ಕೆ ಹದಿಮೂರು ಸಾರ್."

ಆಗಲೇ ಮೂರನೇ ಮನೆಯ ಬಾಗಿಲು ತೆರೆಯಿತು. ಸುಮಾರು ಐವತ್ತರ ಹೆಂಗಸು ತಾನು ಕುಳಿತ ಗಾಲಿಕುರ್ಚಿಯ ಚಕ್ರ ತಳ್ಳಿಕೊಂಡು ಲಿಫ್ಟ್ ಎದುರಿಗೆ ಬಂದಳು. ಗಡಿಯಾರ ನೋಡಿ ಪುಸ್ತಕದಲ್ಲಿ ಸಮಯ ಬರೆದುಕೊಂಡಳು. ಆಮೇಲೆ ಕೆಂಪು ಬಟನ್‌ನತ್ತ ಕೈ ಚಾಚಿದಳು.

ಇನ್‌ಸ್ಪೆಕ್ಟರ್ ಬಾಯಿಂದ ಹೊರಟದ್ದು ಒಂದೇ ಮಾತು: "ಅಮ್ಮಾ, ನೀವು ಕೆಳಗಿದ್ದೀರಲ್ಲ?"

"ಹೌದಂತೆ. ನನಗೂ ಕಾಗದ ಬಂದಿದೆ."

ಆಕೆ ಪುಸ್ತಕದೊಳಗಿನಿಂದ ಕಾಗದ ತೆಗೆದುಕೊಟ್ಟಳು. ಜನವರಿಯಲ್ಲಿ ನಡೆದ ಬೆಂಕಿ ತಾಲೀಮಿನಲ್ಲಿ ಆಕೆ ನಿಂತ ಲಿಫ್ಟ್ ಮುಂದೆ 47 ನಿಮಿಷ ಕಾದಿದ್ದಳು. ಯಾರೂ ಬರಲಿಲ್ಲವೆಂದು ಸಂಘಕ್ಕೆ ಬರೆದಿದ್ದಳು. ಮೊಹರು ಹಾಕಿದ ಉತ್ತರ ಹೀಗಿತ್ತು: "ದಾಖಲೆಗಳ ಪ್ರಕಾರ ತಾವು 11 ನಿಮಿಷಗಳಲ್ಲಿ ಸುರಕ್ಷಿತವಾಗಿ ಕೆಳಗಿಳಿದಿರುತ್ತೀರಿ. ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ."

"ಗುರುತು ಹಾಕಿದ್ದು ಯಾರು?"

"ನನ್ನ ತಮ್ಮ. ಈ ಮಹಡಿ ಮೇಲ್ವಿಚಾರಕ. ಮೊನ್ನೆ ನಿಮಗೆ ಮನೆಯವರ ಪರವಾಗಿ ಹೇಳಿಕೆ ಕೊಟ್ಟನಲ್ಲ, ಅವನೇ."

ಮನೆಗೊಬ್ಬರು. ಇನ್‌ಸ್ಪೆಕ್ಟರಿಗೆ ಆ ಹೇಳಿಕೆಗೆ ತಾವೇ ಹಾಕಿದ್ದ ಸಹಿ ನೆನಪಾಯಿತು.

ಆಕೆಯ ತಮ್ಮನನ್ನು ಕರೆಸಿದರು. ಅವನು ದಫೇದಾರ್ ಜೊತೆ ಏದುಸಿರು ಬಿಡುತ್ತ ಹತ್ತಿಬಂದ. "ಒಂದು ಗುರುತು ಕಮ್ಮಿಯಾದ್ರೂ ಕಟ್ಟಡಕ್ಕೆ ಸುರಕ್ಷತಾ ಪತ್ರ ಸಿಗಲ್ಲ ಅಂತ ಸಂಘದವರು ಹೇಳಿದ್ರು ಸಾರ್. ಬರೀ ತಾಲೀಮು ತಾನೇ ಅಂತ..."

"ಇವನಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ," ಎಂದಳು ಅಕ್ಕ.

"ಮೂರು ಸಲವೂ ಒತ್ತಿದ್ದು ನೀವೇನಾ?"

"ನಾನೇ. ಯಾರಾದ್ರೂ ಒಬ್ಬರು ತಲೆ ಎಣಿಸ್ತಾರಾ ನೋಡೋಣ ಅಂತ."

"ಆರನೇ ಮಹಡಿ ತಾತ ಬಿದ್ದು ಕಾಲು ಮುರ್ಕೊಂಡಿದ್ದಾರೆ."

ಆಕೆ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ. ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು.

"ನನಗೆ ಯಾರೂ ಹೇಳಲಿಲ್ಲ. ಅದು ನಂದೇ ತಪ್ಪು. ಬಂಧಿಸಿ."

ಬಂಧಿಸುವುದು ಅಷ್ಟು ಸುಲಭವಿರಲಿಲ್ಲ. ತಾಲೀಮಿಗೆ ನಿಂತ ಲಿಫ್ಟ್ ಮತ್ತೆ ಹೊರಡಬೇಕಾದರೆ ಕಂಪನಿಯ ಮೆಕ್ಯಾನಿಕ್ ಬರಬೇಕು. ಅವನು ಬರುವುದು ಏಳಕ್ಕೆ.

"ಕತ್ತಲಾದ ಮೇಲೆ ಹೆಂಗಸರನ್ನ ಬಂಧಿಸೋ ಹಾಗಿಲ್ಲ ಸಾರ್," ಎಂದರು ದಫೇದಾರ್. "ನಾಳೆ ಬರೋಣ."

"ನಾಳೆ ಲಿಫ್ಟ್ ಇರುತ್ತೆ," ಎಂದಳು ಆಕೆ.

ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡಿದರು. ಇನ್ನೂ ಬಿಸಿಲಿತ್ತು. ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಮೇಲೆ ಕರೆಸಿದರು.

5.08ಕ್ಕೆ ಆ ಇಬ್ಬರು, ದಫೇದಾರ್ ಮತ್ತು ಆಕೆಯ ತಮ್ಮ ಸೇರಿ ಗಾಲಿಕುರ್ಚಿ ಎತ್ತಿದರು. ಹನ್ನೆರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ಗೋಡೆಗೆ ಸಿಕ್ಕಿಕೊಂಡಿತು. ಒಂಬತ್ತರಲ್ಲಿ ದಫೇದಾರ್ ಕುಳಿತೇಬಿಟ್ಟರು.

"ನಿಜವಾದ ಬೆಂಕಿಯಾಗಿದ್ರೆ?" ಎಂದು ಕೇಳಿದಳು ಮಹಿಳಾ ಕಾನ್‌ಸ್ಟೆಬಲ್.

ದಫೇದಾರ್ ಎದ್ದು ಮತ್ತೆ ಕುರ್ಚಿ ಹಿಡಿದರು. ಕುರ್ಚಿಯಲ್ಲಿದ್ದವಳು ಪ್ರತಿ ಮಹಡಿಗೂ ಸಮಯ ಬರೆದುಕೊಳ್ಳುತ್ತಿದ್ದಳು.

ನೆಲ ಮುಟ್ಟಿದಾಗ 5.49. ಬಂಧನದ ಪತ್ರಕ್ಕೆ ಸಹಿ ಹಾಕಿಸಿ, ಠಾಣಾ ಜಾಮೀನಿನ ಮೇಲೆ ಬಿಡುವುದೆಂದು ನಮೂದಿಸಲಾಯಿತು. ಇನ್‌ಸ್ಪೆಕ್ಟರ್ ಕಾರ್ಯದರ್ಶಿಯ ಕೈಯಿಂದ ರಿಜಿಸ್ಟರ್ ತೆಗೆದುಕೊಂಡರು. ಹದಿಮೂರನೇ ಹೆಸರಿನ ಮುಂದಿನ ಗುರುತು ಹೊಡೆದುಹಾಕಿ '41 ನಿಮಿಷ, ಐವರು ಪೊಲೀಸರು, ಒಬ್ಬ ತಮ್ಮ' ಎಂದು ಬರೆದರು. ಅದರ ನಕಲನ್ನು ಅಗ್ನಿಶಾಮಕ ಇಲಾಖೆಗೆ ಕಳುಹಿಸಲು ಹೇಳಿದರು.

ಆಮೇಲೆ ಕೇಸ್ ಡೈರಿ ತೆರೆದರು. 'ಆರೋಪಿಯ ಉದ್ದೇಶ' ಎಂಬ ಕಡೆಗೆ ಬಂದರು. ಅಲ್ಲಿ ಒಂದೇ ಪದ ಬರೆದರು: ಇಳಿಯುವುದು.