ಮಾತು ಬಿಟ್ಟ ಮನೆ

ಸೆಮಿನಾರ್ ಕೊಠಡಿಯಲ್ಲಿ ಎಲ್ಲರೂ ನಗುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು.

ಎಂ.ಎ. ಸಮಾಜಶಾಸ್ತ್ರದ ತರಗತಿಯೆಲ್ಲ 'ಕನ್ನಡಕ' ಎಂದೇ ಕರೆಯುವ ಹುಡುಗ, ಅವಳು ಹೋದ ವರ್ಷದಿಂದ ಮನಸ್ಸು ಕೊಟ್ಟಿದ್ದವನು, ತನ್ನ ಪ್ರಬಂಧ ಓದುತ್ತಿದ್ದ. "ಈ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ವರ್ಷಗಳಾಗಿವೆ. ಹೆಂಡತಿ ಎದುರಿಗೇ ಕೂತಿದ್ದರೂ ಗಂಡ ಮಗಳಿಗೆ ಹೇಳುತ್ತಾನೆ: ಫ್ಯಾನ್ ಆರಿಸೋಕೆ ಹೇಳು ನಿಮ್ಮಮ್ಮನಿಗೆ."

ಅವಳು ಎದ್ದು ನಿಂತಳು.

"ಆ ಮಗಳು ನಾನೇ. ಇನ್ನೂ ನಗೋರಿದ್ರೆ ನಕ್ಕುಬಿಡಿ."

ಬ್ಯಾಗ್ ಎಳೆದುಕೊಂಡು ಹೊರಬಿದ್ದಳು. ಅವನು ಓಡಿಬಂದು ಮೆಟ್ಟಿಲ ಮೇಲೆ ಅಡ್ಡ ನಿಂತ.

"ಹೆಸರು ಹಾಕಿಲ್ಲ ಕಣೇ..."

"ಹಾಕದಿದ್ರೆ ಆಯ್ತಾ? ನಾನು ಊಟಕ್ಕೆ ಕರೆದಿದ್ದು ಗೆಳೆಯನ್ನ. ಬಂದು ಉಂಡೋನು ಸಂಶೋಧಕ!"

"ಬರೆಯೋಕೆ ಬಂದಿರ್ಲಿಲ್ಲ. ನಿನ್ನನ್ನ ನೋಡೋಕೆ ಬಂದಿದ್ದೆ. ಇಬ್ಬರ ಮಧ್ಯೆ ನೀನು ಮಾತು ಹೊತ್ತು ಓಡಾಡೋದು ನೋಡಿ ಕರುಳು ಚುರುಕ್ ಅಂತು."

"ಅದನ್ನ ನನ್ ಹತ್ರ ಹೇಳ್ಬೇಕಿತ್ತು. ಇಡೀ ಕ್ಲಾಸಿಗಲ್ಲ." ಕಣ್ಣು ತುಂಬಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. "ಧೈರ್ಯ ಇದ್ರೆ ನಮ್ಮಪ್ಪ ಅಮ್ಮನ ಮುಂದೆ ಹೇಳು."

ಭಾನುವಾರ ಬೆಳಿಗ್ಗೆ ಅವನು ಬಂದೇಬಿಟ್ಟ. ಹಾಲ್‌ನಲ್ಲಿ ನಿಂತುಕೊಂಡೇ ಎಲ್ಲ ಹೇಳಿದ. "ಪ್ರಬಂಧ ವಾಪಸ್ ತಗೊಂಡೆ. ತಪ್ಪಾಯ್ತು ಅಂಕಲ್. ತಪ್ಪಾಯ್ತು ಆಂಟಿ."

ಅಪ್ಪನ ಮುಖ ಕೆಂಡವಾಯಿತು. ಪೇಪರ್ ಬಿಸಾಡಿ, ಅಡುಗೆಮನೆ ಬಾಗಿಲಲ್ಲಿದ್ದ ಅಮ್ಮನ ಮೇಲೆ ಹರಿಹಾಯ್ದರು. "ಮನೆ ಮರ್ಯಾದೆ ಬೀದಿಗೆಳೆದ ಇವನಿಗೆ ಕೂರಿಸಿ ಬಡಿಸಿದ್ದು ನೀನೇ ಅಲ್ವೇನೇ?"

"ಅವನು ತಪ್ಪು ಒಪ್ಕೊಂಡ. ನೀವು ಯಾವತ್ತಾದ್ರೂ ಒಪ್ಕೊಂಡಿದ್ದೀರಾ?"

ಮಗಳನ್ನು ಬಿಟ್ಟು ನೇರವಾಗಿ ಮಾತಾಡಿದ್ದು, ಮಾತು ಬಾಯಿಂದ ಜಾರಿದ ಮೇಲಷ್ಟೇ ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಬೆಪ್ಪಾಗಿ ಒಬ್ಬರನ್ನೊಬ್ಬರು ನೋಡಿದರು.

"ಏನು ಒಪ್ಕೋಬೇಕಿತ್ತು ನಾನು?" ಅಪ್ಪನ ದನಿ ಇಳಿದಿತ್ತು.

"ಕೂತ್ಕೊಳ್ಳಿ, ಹೇಳ್ತೀನಿ," ಎಂದರು ಅಮ್ಮ.

ಅಷ್ಟು ವರ್ಷ ತಡೆದಿಟ್ಟ ಜಗಳ ಅಂದು ಶುರುವಾಯಿತು. ಯಾರೂ ಮಗಳನ್ನು ಕರೆಯಲಿಲ್ಲ. ಆ ಮನೆಯಲ್ಲಿ ಮೊದಲ ಸಲ ಕೆಲಸವಿಲ್ಲದವಳಾಗಿ ಅವಳು ಹೊರಗೆ ಬಂದಳು. ಅವನು ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದ.

"ಬಂದು ಬೆಂಕಿ ಹಚ್ಚಿಬಿಟ್ನಾ?"

"ಹೂಂ." ಅಳುವೂ ನಗುವೂ ಒಟ್ಟಿಗೇ ಬಂದವು. "ಕ್ಷಮಿಸಿದೆ ಅಂದ್ಕೋಬೇಡ. ನನಗಿನ್ನೂ ಸಿಟ್ಟಿದೆ."

"ಎಷ್ಟು ದಿನ?"

"ನಮ್ಮ ಮನೇಲಿ ಸಿಟ್ಟು ವರ್ಷಗಟ್ಟಲೆ ಇರುತ್ತೆ." ಅವನ ಶರ್ಟಿನ ತೋಳನ್ನು ಹಿಡಿದು ಹತ್ತಿರ ಎಳೆದಳು. "ಆದ್ರೆ ನಾನು ಮಾತು ಬಿಡೋಳಲ್ಲ. ಮುಖ ನೋಡಿ ಬೈತೀನಿ. ದಿನಾ ಬಂದು ಬೈಸ್ಕೋಬೇಕು."

ಅವನು ಕದಲಲಿಲ್ಲ. "ಈಗ್ಲೇ ಶುರು ಮಾಡು."

ಅವಳು ಶುರು ಮಾಡಿದಳು, ಹಿಡಿದ ತೋಳು ಬಿಡದೆ.