ಗೂಬೆಯಿಲ್ಲದ ನಾಡಿನ ಪಿಕಳಾರ

ಬಹಳ ಹಿಂದೆ, ಬೆಟ್ಟಗಳ ಆಚೆ, ಇರುಳನಾಡು ಅಂತ ಒಂದು ರಾಜ್ಯ. ಬೇರೆ ಕಡೆ ಗೂಬೆ ಕಂಡರೆ ಆಗದು. ಅಲ್ಲಿ ನಿದ್ದೆ ತರುವುದೇ ಗೂಬೆ. ಸಂಜೆ ಕೋಟೆಯ ಮೇಲೆ ಹೆಗ್ಗೂಬೆ ಕೂಗಬೇಕು. ಮನೆಮನೆಯಲ್ಲೂ ಹೂವಿನಿಂದ ದೀಪ ಶಾಂತ ಮಾಡಬೇಕು. ಆಮೇಲೆ ನಿದ್ದೆ. ಅದೇ ಪದ್ಧತಿ.

ಹೆಗ್ಗೂಬೆಗಳು ಒಂದೊಂದಾಗಿ ಹೋದವು. ಕೊನೆಯದೂ ಹೋಯಿತು. ಜನ ದೀಪ ಆರಿಸಲಿಲ್ಲ. ಕೂಗಿಗೆ ಕಾದರು.

ಆ ನಾಡಿನಲ್ಲಿ ಒಬ್ಬ ಮಸಿಮಾಂತ್ರಿಕನಿದ್ದ. ಉರಿಯುವ ದೀಪವೇ ಅವನ ಊಟ. ಅವನು ಗೂಬೆಯ ಒಂದು ಗರಿ ಹಿಡಿದು ಬಂದ. "ಗೂಬೆ ಬರುತ್ತೆ. ದೀಪ ಉರಿಯಲಿ," ಅಂದ. ಜನ ನಂಬಿದರು. ಅವನು ಬುರುಜಿನಷ್ಟು ಬೆಳೆದ.

ಬುಟ್ಟಿ ಹೆಣೆಯುವ ಮಾಚನಿಗೆ ಒಬ್ಬಳೇ ಮಗಳು, ಹೊನ್ನಿ. ತಾಯಿ ಇಲ್ಲ.

"ಅಪ್ಪಾ, ಕಣ್ಣು ಉರಿಯುತ್ತೆ."

"ಮುಚ್ಚಿಕೊ ಮಗಾ."

"ಮುಚ್ಚಿದರೂ ಉರಿಯುತ್ತೆ."

ನಿದ್ದೆಯಿಲ್ಲದೆ ಕೂಸು ಕಡ್ಡಿಯಾಗಿತ್ತು. ಇನ್ನು ಹೆಚ್ಚು ದಿನ ಉಳಿಯದು ಅಂತ ಮಾಚನಿಗೆ ಗೊತ್ತಾಯಿತು.

ಬೇಲಿಯ ಮೇಲಿನ ಪುಟ್ಟ ಹಕ್ಕಿ, ಪಿಕಳಾರ, ಇದನ್ನು ಕೇಳಿಸಿಕೊಂಡಿತು. "ನಾನು ಕೂಗಲಾ?" ಅಂತು. ಮಾಚ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಅರಮನೆಗೆ ಹೋದ.

"ಮೊದಲು ಗೂಬೆಯ ಜೊತೆ ಹೋಲಿಸಿ ನೋಡೋಣ," ಅಂದಳು ರಾಣಿ.

ತಕ್ಕಡಿಯ ಒಂದು ಕಡೆ ಮಾಂತ್ರಿಕ ತಂದ ಗರಿ, ಇನ್ನೊಂದು ಕಡೆ ಪಿಕಳಾರ ಇಟ್ಟರು. ಗೂಬೆಯ ಗರಿಯೇ ಭಾರ. ಪಿಕಳಾರ ಮೇಲೆ ಹೋಯಿತು.

ಕತ್ತಲೆ ಕೋಣೆಯಲ್ಲಿ ಬಿಟ್ಟರು. ಗೂಬೆಗೆ ಕತ್ತಲೆಯಲ್ಲಿ ಇರುವೆಯೂ ಕಾಣುತ್ತಿತ್ತು. ಪಿಕಳಾರ ಗೋಡೆಗೆ ಬಡಿಯಿತು.

ಕೂಗಿಸಿದರು. ಗೂಬೆಯ ಕೂಗು ಬೆಟ್ಟ ದಾಟುತ್ತಿತ್ತು. ಇದರದು ಅಂಗಳ ದಾಟಲಿಲ್ಲ.

ಅಂಗಳದಲ್ಲೇ ನಿಂತಿದ್ದ ಮಾಂತ್ರಿಕ ನಕ್ಕ. "ಬಾಲದ ಕೆಳಗೆ ಕೆಂಪು ಬಿಟ್ಟರೆ ಏನಿದೆಯೋ ಇದಕ್ಕೆ?"

"ಏನಿಲ್ಲ," ಅಂದ ಮಾಚ. "ಗೂಬೆಯೇ ದೊಡ್ಡದು. ಅಂಥದ್ದು ಇನ್ನು ಹುಟ್ಟಲ್ಲ. ಆದರೆ ಅದು ಸತ್ತಿದೆ, ತಾಯಿ. ಇದು ಇದೆ."

ಆ ಮಾತನ್ನು ಅಲ್ಲಿವರೆಗೆ ಯಾರೂ ಆಡಿರಲಿಲ್ಲ. ರಾಣಿ ತಲೆ ತಗ್ಗಿಸಿದಳು. ಮುಡಿಯ ಮಲ್ಲಿಗೆ ತೆಗೆದು ಅವನ ಕೈಗೆ ಕೊಟ್ಟಳು.

ಸಂಜೆಯಾಗಿತ್ತು. ಪಿಕಳಾರ ಮತ್ತೆ ಕೂಗಿತು. ಮಾಚ ಅರಮನೆಯ ದೀಪ ಶಾಂತ ಮಾಡಿದ. ಮಾಂತ್ರಿಕ ಒಂದು ಗೇಣು ಕುಗ್ಗಿದ.

ಕೂಗು ಅಂಗಳದ ಬೇಲಿವರೆಗೆ ಹೋಯಿತು. ಅಲ್ಲೊಂದು ಪಿಕಳಾರ ಇತ್ತು. ಅದು ಕೂಗಿತು. ಆಚೆ ಬೇಲಿಯಲ್ಲೂ ಒಂದಿತ್ತು. ಅದೂ ಕೂಗಿತು. ಪಿಕಳಾರ ಇಲ್ಲದ ಬೇಲಿ ಆ ನಾಡಿನಲ್ಲಿ ಇರಲಿಲ್ಲ. ಬೇಲಿಯಿಂದ ಬೇಲಿಗೆ ಕೂಗು ನಡೆಯಿತು. ಮನೆಯಿಂದ ಮನೆಗೆ ದೀಪ ಶಾಂತವಾಯಿತು. ಮಾಂತ್ರಿಕ ಆಳಿನಷ್ಟಾದ, ಬೆಕ್ಕಿನಷ್ಟಾದ, ಒಂದು ಚಿಟಿಕೆ ಮಸಿಯಾದ. ಗಾಳಿ ಬಂದು ಒಯ್ದಿತು.

ನಾಡಿನವರೆಲ್ಲ ಮಲಗಿದರು. ಬೆಳಗಾದ ಮೇಲೆ ಎದ್ದರು, ಉಂಡರು, ಮುಂದೆಯೂ ಸುಖವಾಗಿದ್ದರು. ಹೊನ್ನಿ ಮಾತ್ರ ಅಂದು ಮಧ್ಯಾಹ್ನವಾದರೂ ಏಳಲಿಲ್ಲ. ಮಾಚ ಪಕ್ಕದಲ್ಲಿ ಕೂತು ಅವಳ ಉಸಿರು ಕೇಳುತ್ತಿದ್ದ. ಎಬ್ಬಿಸಲಿಲ್ಲ.