ಆಟದಿಂದ ಬಿದ್ದ ಊರು

"ಪತ್ತಿಕೊಂಡ," ಎಂದಳು ಪೀರಮ್ಮ.

"ದೇವನಕೊಂಡ," ಎಂದಳು ಅಂಬಿ.

"ಪೆನುಕೊಂಡ."

"ಗೋಲಕೊಂಡ."

ಪೀರಮ್ಮ ಶಾಲೆಯ ಬೇವಿನ ಮರದ ಮೇಲೆ ಕೂತಿದ್ದ ಕಾಗೆ ಏನಾದರೂ ಹೇಳಿಕೊಟ್ಟೀತೆಂದು ಮೇಲೆ ನೋಡಿದಳು. ಕಾಗೆ ತನ್ನ ಪಾಡಿಗೆ ತಾನು ಕೂತಿತ್ತು.

"ಪೀರಿ ಓಡಿಪೋಯಿಂದಿ," ಎಂದ ಹನುಮಂತು. ಅವನ ನಾಲಿಗೆಯ ಮೇಲೆ ತೆಲುಗು ಕನ್ನಡ ಎರಡೂ ಒಟ್ಟಿಗೇ ಕುಣಿಯುತ್ತಿದ್ದವು. "ಸೋತ್ಲು. ಔಟು."

ಇದು ಬಾಲದ ಆಟ. ಆದೋನಿಯ ಆ ಓಣಿಯ ಮಕ್ಕಳಿಗೆಲ್ಲ ಅದರ ಹುಚ್ಚು. ಒಬ್ಬರು ಒಂದು ಊರಿನ ಹೆಸರು ಹೇಳಬೇಕು. ಇನ್ನೊಬ್ಬರು ಅದೇ ಬಾಲ ಇರುವ ಬೇರೆ ಊರು ಕೂಡಿಸಬೇಕು. ಬಾಲ ಸಿಗದವರು ಔಟು. ಔಟಾದವರು ಗೆದ್ದವರಿಗೆ ಒಂದು ಹಿಡಿ ಪುಟಾಣಿ ಕೊಡಬೇಕು.

ಅಂಬಿಯನ್ನು ಸೋಲಿಸುವುದೆಂದರೆ ಹುಡುಗಾಟವಲ್ಲ. ಅವಳ ಗುರು ಮನೆಯಲ್ಲೇ ಇದ್ದಳು. ಅಪ್ಪನ ಅವ್ವ ಮಹಾಂತಮ್ಮ, ಅಂದರೆ ಅಂಬಿಯ ಅಜ್ಜಿ, ವಯಸ್ಸಿನಲ್ಲಿ ಅಜ್ಜನ ಹತ್ತಿ ಗಾಡಿಯ ಮೇಲೆ ಕೂತು ನೋಡದ ಊರಿರಲಿಲ್ಲ. ಕೋಸಗಿ ಎಂದರೆ ಹುಣಸಗಿ, ಕುಪ್ಪಗಲ್ಲು ಎಂದರೆ ಗುಂತಕಲ್ಲು. ಕೌದಿ ಹೊಲಿಯುತ್ತ ತಲೆ ಎತ್ತದೆಯೇ ಬಾಲ ಕೂಡಿಸುವವಳು. ಅಜ್ಜಿ ಸೋತದ್ದನ್ನು ಅಂಬಿ ಕಂಡೇ ಇರಲಿಲ್ಲ.

ಆದರೆ ಈ ಸಲ ಆಟಕ್ಕೆ ಒಂದು ಹೊಸ ರೂಲು ಬಂದಿತ್ತು.

ಮೊದಲ ಮಳೆ ಬಿದ್ದು ಹೊಲಸು ನೀರು ಬಾವಿಗಿಳಿದದ್ದೇ ತಡ, ಹೊಳೆ ಕಡೆಯ ಊರುಗಳಲ್ಲಿ ವಾಂತಿಭೇದಿ ಶುರುವಾಗಿತ್ತು. ದೊಡ್ಡವರು ಆ ಬೇನೆಯ ಹೆಸರು ಹೇಳುತ್ತಿರಲಿಲ್ಲ. "ಆಕಿ ಬಂದಾಳ" ಎನ್ನುತ್ತಿದ್ದರು, ಅಷ್ಟೆ. ಬೇನೆ ಬಂದ ಊರಿನ ಹೆಸರನ್ನೂ ಹೇಳುತ್ತಿರಲಿಲ್ಲ. ಹೆಸರು ಹೇಳಿದರೆ ಕರೆದ ಹಾಗೆ, ಆಕೆ ಎದ್ದು ಬಂದುಬಿಡುತ್ತಾಳೆ ಎಂದು ಅಂಜಿಕೆ. ಅಜ್ಜಿ ಮಹಾಂತಮ್ಮನಿಗೆ ಕೊರಳಲ್ಲಿನ ಲಿಂಗ ಬಿಟ್ಟರೆ ಬೇರೆ ದೇವರ ಗೊಡವೆ ಇರಲಿಲ್ಲ. ಆದರೂ ಈ ಒಂದು ವಿಷಯದಲ್ಲಿ ಊರು ನಡೆದಂತೆ ತಾನೂ ನಡೆಯುತ್ತಿದ್ದಳು.

ದೊಡ್ಡವರು ಒಂದು ಗೇಣು ಹೆದರಿದರೆ ಮಕ್ಕಳು ಒಂದು ಮಾರು ಹೆದರುತ್ತಾರೆ. ಹನುಮಂತು ರೂಲು ಮಾಡಿದ್ದ: "ಆಕಿ ಇರೋ ಊರಿಗೆ ಯಾರೂ ಬಾಲ ಕೂಡಿಸಬಾರದು. ಕೂಡಿಸಿದ್ರ ಆಕಿ ಆ ಬಾಲ ಹಿಡ್ಕೊಂಡು ಇನ್ನೊಂದು ಊರಿಗೆ ಹೋಗ್ತಾಳ."

ಹೀಗೆ ಒಂದೊಂದೇ ಊರು ಆಟದಿಂದ ಬೀಳುತ್ತಿತ್ತು. ಮಕ್ಕಳಿಗೆ ಅದರಿಂದ ಆದ ತೊಂದರೆ ಒಂದೇ, ಆಡಲು ಊರುಗಳು ಕಡಿಮೆಯಾದವು.

"ಇನ್ನೊಂದು ಆಟ," ಎಂದಳು ಪೀರಮ್ಮ ಲಂಗದ ಗಂಟಿನಲ್ಲಿದ್ದ ಪುಟಾಣಿ ಮುಟ್ಟಿ ನೋಡಿಕೊಂಡು. "ಉರುಕುಂದ."

"ನರಗುಂದ."

"ಹೊಳಗುಂದ." ಪೀರಮ್ಮ ಗೆದ್ದೆನೆಂದೇ ನಕ್ಕಳು.

ಅಂಬಿ ಬೇಕೆಂದೇ ತಡ ಮಾಡಿದಳು. ತಲೆ ಕೆರೆದಳು, ನಿಟ್ಟುಸಿರು ಬಿಟ್ಟಳು. ಆಮೇಲೆ ಮೆಲ್ಲಗೆ, "ಹಾಲಗುಂದ," ಎಂದಳು.

"ಎಲ್ಲೈತಿ ಆ ಊರು? ಸುಳ್ಳು," ಎಂದ ಹನುಮಂತು.

"ನಮ್ಮವ್ವನ ಊರು. ಹೊಳಿ ದಂಡಿಮ್ಯಾಲ ಐತಿ. ನಮ್ಮವ್ವ ಈಗ ಅಲ್ಲೇ ಅದಾಳ. ಕೂಸು ಹುಟ್ಟಿದ ಮ್ಯಾಲ ಬರ್ತಾಳ."

ಅವ್ವನ ಊರೆಂದ ಮೇಲೆ ಯಾರು ಇಲ್ಲ ಎನ್ನುತ್ತಾರೆ? ಪೀರಮ್ಮ ಗಂಟು ಬಿಚ್ಚಿದಳು. ಅಂಬಿ ಪುಟಾಣಿ ಮುಕ್ಕುತ್ತ ಮನೆಯ ದಾರಿ ಹಿಡಿದಳು.

ಮನೆಯ ಮುಂದೆ ಮೌಲಾಲಿಯ ಗಾಡಿ ನಿಂತಿತ್ತು. ಮೌಲಾಲಿ ಹಳ್ಳಿಗಳಿಂದ ಅಪ್ಪನ ಅಂಗಡಿಗೆ ಹತ್ತಿ ತರುವವನು. ಅವನು ಕಟ್ಟೆಯ ಮೇಲೆ ಕೂತು ಅಪ್ಪನ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ಅಪ್ಪ ಕೊಟ್ರಬಸಪ್ಪ ಎಂದೂ ಹಾಗೆ ಕಂಬಕ್ಕೆ ಒರಗಿ ನಿಂತವನಲ್ಲ.

"ಹೊಳಿ ಕಡಿ ಆ ದೊಡ್ಡೂರು ಐತಲ್ಲ ಸಾವ್ಕಾರ್ರ, ಅಲ್ಲಿ ಆಕಿ ಕಾಲಿಟ್ಟು ನಾಕೈದು ದಿನ ಆತಂತ," ಎಂದ ಮೌಲಾಲಿ.

"ಯಾವುದು, ಹೊಳಗುಂದಾನಾ?" ಎಂದ ಅಪ್ಪ.

"ಹೆಸರು ಹೇಳಬ್ಯಾಡೋ ಯಪ್ಪಾ," ಎಂದಳು ಅಜ್ಜಿ ಬಾಗಿಲೊಳಗಿಂದ.

ಅಂಬಿಯ ಬಾಯಲ್ಲಿದ್ದ ಪುಟಾಣಿ ಅಲ್ಲೇ ನಿಂತಿತು. ಅಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಪೀರಮ್ಮ ಹೇಳಿದ ಊರು ಹೊಳಗುಂದ. ಅದಕ್ಕೆ ಬಾಲ ಕೂಡಿಸಿದವಳು ತಾನು. ಕೂಡಿಸಿದ್ದು ಯಾವ ಊರು? ಅವ್ವನ ಊರು.

ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಮಾತಾಡಿದರೆ ಹೋಯ್ತು, ಮುತ್ತೊಡೆದರೆ ಹೋಯ್ತು. ಅಂಬಿ ಬಾಯಿಗೆ ಬಂದದ್ದು ಮಾತಾಡಿದಾಗಲೆಲ್ಲ ಅಜ್ಜಿ ಅದನ್ನೇ ಹೇಳಿ ಗದರುತ್ತಿದ್ದಳು. ಅದು ಎಷ್ಟು ನಿಜವಾದ ಮಾತೆಂದು ಇವತ್ತೇ ಗೊತ್ತಾದದ್ದು.

ಮರುದಿನ ಅಂಬಿ ಎಲ್ಲರಿಗಿಂತ ಮೊದಲೇ ಶಾಲೆಗೆ ಹೋದಳು. ಪೀರಮ್ಮ ಬರುತ್ತಲೇ ಅವಳ ಕೈಗೆ ಎರಡು ಹಿಡಿ ಪುಟಾಣಿ ಸುರಿದಳು.

"ಯಾಕ?" ಎಂದಳು ಪೀರಮ್ಮ.

"ನಿನ್ನಿ ನಾ ಗೆದ್ದಿಲ್ಲ. ನೀನೇ ಗೆದ್ದಿದ್ದು. ನಾ ಕಡೀಗೆ ಒಂದು ಊರು ಹೇಳಿದ್ನಲ್ಲ, ಆ ಊರೇ ಇಲ್ಲ. ಸುಳ್ಳು ಹೇಳಿದ್ದೆ."

"ನಿಮ್ಮವ್ವನ ಊರು ಅಂದಿ."

"ಅದೂ ಸುಳ್ಳು."

ಊರೇ ಇಲ್ಲದಿದ್ದರೆ ಆಕೆ ಹೋಗುವುದೆಲ್ಲಿಗೆ? ರಾತ್ರಿಯೆಲ್ಲ ಹೊರಳಾಡಿ ಅಂಬಿ ಹುಡುಕಿದ ದಾರಿ ಇದು. ಹನುಮಂತು ಅವಳಿಗೆ "ಸುಳ್ಳಿ" ಎಂದು ಹೆಸರಿಟ್ಟ. ಅದು ಕ್ಲಾಸಿನ ತುಂಬ ಹಬ್ಬಿತು. ಬೇರೆ ದಿನವಾಗಿದ್ದರೆ ಅಂಬಿ ಅವನ ಜುಟ್ಟು ಹಿಡಿದೇ ಬಿಡುತ್ತಿದ್ದಳು. ಇವತ್ತು ತಲೆ ತಗ್ಗಿಸಿ ಕೂತಳು. ಅವರು ಎಷ್ಟು ಜೋರಾಗಿ ಸುಳ್ಳಿ ಎಂದರೆ ಅಷ್ಟು ಒಳ್ಳೆಯದು ಎನಿಸಿತು.

ಅವಳು ಮನೆಗೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಮೌಲಾಲಿಯ ಗಾಡಿಯೂ ಇರಲಿಲ್ಲ. ಬೀದಿಯ ಬಾವಿಗೆ ಮುನ್ಸಿಪಾಲಿಟಿಯವರು ಔಷಧಿ ಹಾಕಿದ್ದರು. ಕೊಡದ ನೀರು ನೇರಳೆಹಣ್ಣು ಹಿಂಡಿದ ಹಾಗೆ ಕಾಣುತ್ತಿತ್ತು. ಅಜ್ಜಿ ಅದನ್ನು ಕುದಿಸುತ್ತಿದ್ದಳು.

"ಅಪ್ಪ ಎಲ್ಲಿ ಹೋದ ಅಜ್ಜಿ?"

"ಆಸ್ಪರಿಗೆ ಹೋಗ್ಯಾನ. ಹತ್ತಿ ನೋಡಾಕ."

ಮುಂಗಾರಿನಲ್ಲಿ ಯಾವ ಹೊಲದಲ್ಲಿ ಹತ್ತಿ ಒಡೆದಿರುತ್ತದೆ? ಹತ್ತಿ ವ್ಯಾಪಾರಿಯ ಮಗಳಿಗೆ ಅಷ್ಟೂ ಗೊತ್ತಿಲ್ಲವೆ? ಆದರೆ ಅಂಬಿ ಕೇಳಲಿಲ್ಲ. ಕೇಳಲು ಅವಳಿಗೆ ಅಂಜಿಕೆಯಾಯಿತು.

ಸಂಜೆ ಅಜ್ಜಿ ಪಡಸಾಲೆಯಲ್ಲಿ ಕೂತು ಚಿಕ್ಕ ಕೌದಿ ಹೊಲಿಯುತ್ತಿದ್ದಳು. ಬರಲಿರುವ ಕೂಸಿಗೆ. ಅವ್ವನ ಹಳೆಯ ಸೀರೆಯ ತುಂಡುಗಳು, ಒಂದು ಹಳದಿ, ಒಂದು ಕುಂಕುಮ ಬಣ್ಣ. ಅಂಬಿ ಬಂದು ಪಕ್ಕದಲ್ಲಿ ಕೂತಳು.

ಅವಳಿಗೆ ಒಂದು ಉಪಾಯ ಹೊಳೆದಿತ್ತು.

"ಅಜ್ಜಿ, ಆಟ ಆಡೂಣು. ಉರುಕುಂದ."

ಅಜ್ಜಿಯ ಸೂಜಿ ಒಂದು ಗಳಿಗೆ ನಿಂತಿತು. "ನರಗುಂದ," ಎಂದಳು.

"ಮುಳಗುಂದ," ಎಂದಳು ಅಂಬಿ. ಅಜ್ಜಿಯೇ ಹೇಳಿಕೊಟ್ಟ ಊರು ಅದು.

ಈಗ ಅಜ್ಜಿಯ ಸರದಿ. ಹೊಳಗುಂದ ಆಟದಿಂದ ಬಿದ್ದಿತ್ತು. ಉಳಿದದ್ದು ಒಂದೇ ಊರು. ಪ್ರತಿ ಸಲ ಅದನ್ನು ಕೊನೆಗೆ ಇಟ್ಟುಕೊಂಡು, "ನಮ್ಮ ಸೊಸಿ ಊರು ಬಿಟ್ಟು ಆಟ ಮುಗೀತದೇನವ್ವ," ಎಂದು ಕಣ್ಣು ಮಿಟುಕಿಸಿ ಗೆಲ್ಲುವವಳು ಅಜ್ಜಿ.

ಹೇಳು ಅಜ್ಜಿ, ಎಂದು ಅಂಬಿ ಮನಸ್ಸಿನಲ್ಲೇ ಬೇಡಿಕೊಂಡಳು. ಹೇಳಿಬಿಡು. ನೀನು ಹೇಳಿದರೆ ಅಲ್ಲಿ ಆಕೆ ಬಂದಿಲ್ಲ ಅಂತ ಅರ್ಥ.

ಅಜ್ಜಿ ದಾರ ಕಚ್ಚಿ ತುಂಡು ಮಾಡಿದಳು. ಮತ್ತೆ ಪೋಣಿಸಲು ಹೋದಳು. ದಾರ ಸೂಜಿಯ ಕಣ್ಣಿಗೆ ಸಿಗಲೇ ಇಲ್ಲ.

"ನಾ ಸೋತೆ ಬಿಡವ್ವ," ಎಂದಳು.

ಅಂಬಿ ಗೆದ್ದಿದ್ದಳು. ಅಂಥ ಗೆಲುವು ಯಾರಿಗೂ ಬೇಡ. ಅವಳು ಎದ್ದು ಹಿತ್ತಲಿಗೆ ಹೋಗಿ, ಕಟ್ಟಿಗೆ ಒಟ್ಟಿದ್ದ ಮೂಲೆಯಲ್ಲಿ ಕೂತು, ಲಂಗ ಬಾಯಿಗೆ ತುರುಕಿಕೊಂಡು ಅತ್ತಳು. ಆಕೆ ಅಲ್ಲಿಗೆ ಹೋಗಿಯಾಗಿತ್ತು. ದಾರಿ ತೋರಿಸಿದವಳು ಯಾರೆಂದು ಅಂಬಿಗೊಬ್ಬಳಿಗೇ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ಅವಳು ಯಾವ ಊರಿನ ಹೆಸರನ್ನೂ ಹೇಳಲಿಲ್ಲ. ರೇವಣಸಿದ್ದಯ್ಯ ಮೇಷ್ಟ್ರು ಭೂಗೋಳದ ಪಾಠದಲ್ಲಿ ಅವಳನ್ನು ಎಬ್ಬಿಸಿ, "ನಮ್ಮ ಜಿಲ್ಲಾ ಯಾವುದು ಹೇಳವ್ವ," ಎಂದರು. ಆಗ ಆದೋನಿ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲಿ; ಬಳ್ಳಾರಿ ಎಂದು ಒಂದನೇ ಕ್ಲಾಸಿನ ಮಗುವೂ ಹೇಳೀತು. ಅಂಬಿ ತುಟಿ ಬಿಚ್ಚಲಿಲ್ಲ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಬಳ್ಳಾರಿಯಲ್ಲೂ ಯಾರದೋ ಅವ್ವ ಇರುತ್ತಾಳಲ್ಲ, ಎಂದುಕೊಳ್ಳುತ್ತ ಅವಳು ಬೆಲ್ಲು ಹೊಡೆಯುವ ತನಕ ನಿಂತಳು.

ಅಪ್ಪ ಬಂದದ್ದು ಒಂದು ಮಧ್ಯಾಹ್ನ. ಗಾಡಿ ಮನೆಯ ತನಕ ಬರಲಿಲ್ಲ, ಓಣಿಯ ತಿರುವಿನಲ್ಲೇ ನಿಂತಿತು. ಅಪ್ಪ ಒಬ್ಬನೇ ಇಳಿದು ನಡೆದು ಬಂದ. ತಲೆಗೆ ರುಮಾಲಿರಲಿಲ್ಲ. ಮನೆಯ ಹೊರಗೆ, ಬೀದಿಯಲ್ಲೇ ದೂರ ನಿಂತುಕೊಂಡ.

"ಒಳಗ ಬರಂಗಿಲ್ಲವ್ವ," ಎಂದ. "ಸ್ವಲ್ಪ ದಿನ ಅಂಗಡ್ಯಾಗ ಇರ್ತೀನಿ. ಕೂಸಿನ್ನ ನನ್ನ ಹತ್ರ ಬಿಡಬ್ಯಾಡ."

ಕೂಸು ಎಂದರೆ ಅಂಬಿ. ಅವಳು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು.

ಅಜ್ಜಿ ಹೊಸ್ತಿಲ ಮೇಲೆ ಬಂದು ನಿಂತಳು. ಮಗನನ್ನೇ ನೋಡಿದಳು. ಅಪ್ಪ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದ. ಕೈಯಲ್ಲಿ ಏನೂ ಇರಲಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ತಿರುಗಿ ಅಂಗಡಿಯ ಕಡೆ ನಡೆದ.

ಅಜ್ಜಿ ಒಳಗೆ ಬಂದಳು. ಚಿಕ್ಕ ಕೌದಿಯನ್ನು ಮಡಿಸಿದಳು. ಬಿಚ್ಚಿ ಮತ್ತೆ ಮಡಿಸಿದಳು. ಏಣಿ ಹತ್ತಿ ಅದನ್ನು ಅಟ್ಟದ ಮೇಲಿಟ್ಟಳು. ಕೆಳಗಿಳಿದು ಬಂದಾಗ ಏಣಿಯ ಬುಡದಲ್ಲಿ ಅಂಬಿ ನಿಂತಿದ್ದಳು.

"ಅಜ್ಜಿ, ನಾನೇ," ಎಂದಳು. "ಪೀರಿ ಆ ದೊಡ್ಡೂರು ಹೇಳಿದ್ಲು. ನಾ ಅದಕ್ಕ ಅವ್ವನ ಊರು ಕೂಡಿಸಿದೆ. ನಂಗ ಗೊತ್ತಿರಲಿಲ್ಲ. ಒಂದು ಹಿಡಿ ಪುಟಾಣಿಗೆ ಹೇಳಿಬಿಟ್ಟೆ. ನಾನೇ ಆಕೀನ್ನ ಕಳಿಸಿದ್ದು."

ಅಜ್ಜಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವಳು ನಿಂತಲ್ಲೇ ಕುಸಿದು ಕೂತಳು. ಅಂಬಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಇಷ್ಟು ದಿನ ಈ ಭಾರ ಹೊತ್ತುಕೊಂಡು ಮೊಮ್ಮಗಳು ತನ್ನೆದುರಿಗೇ ಓಡಾಡುತ್ತಿದ್ದಳಲ್ಲ, ತನ್ನ ಕಣ್ಣು ಎಲ್ಲಿ ಹೋಗಿತ್ತು ಎಂದು ತನ್ನನ್ನೇ ಹಳಿದುಕೊಂಡಳು.

ಆಮೇಲೆ ಅಜ್ಜಿ ತಲೆ ಎತ್ತಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಹಾಲಗುಂದ."

ಅಂಬಿ ಧಡಕ್ಕನೆ ಎದ್ದು ಅಜ್ಜಿಯ ಬಾಯಿ ಮುಚ್ಚಿದಳು. "ಬ್ಯಾಡಜ್ಜಿ, ಹೇಳಬ್ಯಾಡ. ಅವ್ವ ಅಲ್ಲಿ ಅದಾಳ."

ಅಜ್ಜಿ ಆ ಪುಟ್ಟ ಕೈಯನ್ನು ತೆಗೆದು ತನ್ನ ಕೈಯಲ್ಲಿಟ್ಟುಕೊಂಡಳು.

"ಹಾಲಗುಂದ," ಎಂದಳು ಇನ್ನೊಮ್ಮೆ. "ಹೆಸರಿಗೆ ಬಾಲನೂ ಇಲ್ಲ, ಕಾಲೂ ಇಲ್ಲ ನನ್ನವ್ವ. ನೀ ಆ ಆಟ ಆಡೋಕಿಂತ ಮೊದಲೇ ನಿಮ್ಮವ್ವ ಹಾಸಿಗಿ ಹಿಡಿದಿದ್ಲು. ಮೌಲಾಲಿ ಅವತ್ತೇ ಬಂದು ಹೇಳ್ಯಾನ. ಬೇನಿ ನೀರಾಗ ಬಂತು. ನಿನ್ನ ಬಾಯಾಗ ಬರಲಿಲ್ಲ."

ಅಂಬಿ ಅಜ್ಜಿಯ ಮುಖವನ್ನೇ ನೋಡಿದಳು. ಅವತ್ತು ಸೂಜಿಗೆ ದಾರ ಪೋಣಿಸಲಾರದೆ, ಈ ಹೆಸರು ಹೇಳಲಾರದೆ ಸೋತ ಅಜ್ಜಿ ಇವಳೇ. ಅವತ್ತು ಅಷ್ಟು ಅಂಜಿದವಳು ಈಗ ಯಾಕೆ ಅಂಜುತ್ತಿಲ್ಲ?

ಕೇಳಬೇಕೆಂದು ಬಾಯಿ ತೆರೆದಳು. ಅಪ್ಪನ ಖಾಲಿ ಕೈಗಳು ನೆನಪಾದವು. ಅಟ್ಟ ಸೇರಿದ ಕೌದಿ ನೆನಪಾಯಿತು. ಕೇಳುವುದು ಬೇಕಾಗಲಿಲ್ಲ. ಅಂಜಿ ಕಾಯುವುದಕ್ಕೆ ಆ ಊರಿನಲ್ಲಿ ಈಗ ತಮ್ಮವರು ಯಾರೂ ಉಳಿದಿರಲಿಲ್ಲ.

ಒಲೆಯ ಮೇಲೆ ನೇರಳೆ ಬಣ್ಣದ ನೀರು ಕುದಿಯುತ್ತಲೇ ಇತ್ತು. ಅಜ್ಜಿ ಅದನ್ನು ಇಳಿಸಲು ಏಳಲಿಲ್ಲ. ಅಂಬಿ ಅವಳ ಕೊರಳಿಗೆ ಮುಖ ಒತ್ತಿಕೊಂಡಳು. ಬಹಳ ಹೊತ್ತಿನ ಮೇಲೆ, ಅಷ್ಟು ದಿನ ಬಚ್ಚಿಟ್ಟಿದ್ದ ಹೆಸರನ್ನು ತಾನೂ ಹೇಳಿದಳು.

"ಹಾಲಗುಂದ," ಎಂದಳು. "ನಮ್ಮವ್ವನ ಊರು."